ಗಾನಯೋಗಿಗಳ ಸಂಚಾರಿ ಪಾಠಶಾಲೆ

ಲಿಂಗೈಕ್ಯ ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಬಾಲ್ಯದ ಹೆಸರು ಗದಿಗೆಯ್ಯ. ಜನ್ಮಾಂಧನಾದ ಈ ಬಾಲಕನಲ್ಲಿದ್ದ ನಾದಸಂಪತ್ತನ್ನು ಕಂಡು ಕೈಹಿಡಿದವರು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು. ಅವರ ಕೃಪೆಯಿಂದ ಗವಾಯಿಗಳು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ತರುವಾಯ ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಸಾಧಿಸಿದರು.

ಉಭಯ ಪದ್ಧತಿಗಳಲ್ಲಿ ನುರಿತ ಆ ವಿದ್ವಾಂಸರಿಗೆ ಕೀರ್ತಿ, ಸಂಪತ್ತುಗಳ ದಾರಿ ತೆರೆದಿತ್ತು. ಅವರು ವರಿಸಿದ್ದು ಬ್ರಹ್ಮಚರ್ಯವನ್ನು. ಕೂಡಿಸಿಕೊಂಡದ್ದು ಅಂಧ, ಅನಾಥ, ಬಡ ಮಕ್ಕಳನ್ನು. ಅವರ ಪಾಠಶಾಲೆಗೆ ಮೊದಲು ಸ್ವಂತ ನೆಲೆಯಿರಲಿಲ್ಲ. ಗುರುವಿನೊಡನೆ ಶಿಷ್ಯರೆಲ್ಲ ಊರಿಂದೂರಿಗೆ ನಡೆದರು. ಹಾಡಬಲ್ಲವನು ಹಾಡಿದನು, ವಾದ್ಯ ಬಲ್ಲವನು ನುಡಿಸಿದನು. ಭಕ್ತರಿತ್ತ ಕಾಳುಕಡಿಯನ್ನು ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡರು. ಮುಂದೆ ನಾಟಕ ಮಂಡಳಿಯೂ ಹುಟ್ಟಿತು. ರಂಗಭೂಮಿಯು ಮಕ್ಕಳಿಗೆ ಅಭ್ಯಾಸದ ವೇದಿಕೆಯಾದಂತೆ ದಾಸೋಹಕ್ಕೆ ಆಸರೆಯೂ ಆಯಿತು.

1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದಾಗ ದೊಡ್ಡ ಆಧಾರವೇ ಕಳಚಿತು. ಆದರೂ ಗವಾಯಿಗಳು ಒಬ್ಬ ಶಿಷ್ಯನನ್ನೂ ಹೊರೆಯೆಂದು ಬಗೆಯಲಿಲ್ಲ. ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮವು ಆ ಸಂಚಾರಕ್ಕೆ ದೊರೆತ ನೆಲೆ. ಬಸವರಾಜ ರಾಜಗುರುಗಳಂಥ ಗಾಯಕರು ಅವರ ಗರಡಿಯಲ್ಲಿ ಪಳಗಿದರು.

1944ರಲ್ಲಿ ಗುರುಗಳು ಲಿಂಗದಲ್ಲಿ ಬೆರೆತರು. ಅವರ ಶಿಷ್ಯರೂ ಸ್ವತಃ ಅಂಧರೂ ಆದ ಪಂಡಿತ ಪುಟ್ಟರಾಜ ಗವಾಯಿಗಳವರು ಆಶ್ರಮವನ್ನು 2010ರವರೆಗೆ ನಡೆಸಿ, ಸಾವಿರಾರು ಮಕ್ಕಳಿಗೆ ಅನ್ನದೊಡನೆ ವಿದ್ಯೆಯನ್ನು ನೀಡಿದರು.

ಕಟ್ಟಡಕ್ಕಿಂತ ಮೊದಲು ಶಾಲೆ ಹುಟ್ಟುವುದು ಗುರುವಿನ ಸಂಕಲ್ಪದಲ್ಲಿ. ಅದು ಉಳಿಯುವುದು ಸಮಾಜವಿಕ್ಕುವ ಹಿಡಿ ಅನ್ನದಲ್ಲಿ. ಈ ಸತ್ಯವನ್ನು ಬದುಕಿ ತೋರಿದ ಗಾನಯೋಗಿಗಳಿಗೆ ಅನಂತ ಪ್ರಣಾಮಗಳು.