ಮಾಳದ ಶಾಸ್ತ್ರಿಗಳ ಮಗಳು ಪಂಡಿತಾ ರಮಾಬಾಯಿ

ದಾದರದಿಂದ ಸೊಲ್ಲಾಪುರ, ಕಲಬುರಗಿಯ ಕಡೆಗೆ ಪ್ರಯಾಣ ಮಾಡುವವರು ಪುಣೆಯನ್ನು ದಾಟಿದ ಮೇಲೆ, ದೌಂಡ್ ಜಂಕ್ಷನ್ನಿಗೆ ಮೊದಲು, ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ನನ್ನು ನೋಡಿರಬಹುದು. ಆ ಹಳ್ಳಿಯ ಹೆಸರನ್ನು ದೇಶವಿದೇಶಗಳಿಗೆ ತಿಳಿಸಿದ ಮಹಿಳೆಯು ನಮ್ಮ ಕಾರ್ಕಳ ತಾಲೂಕಿನ ಮಾಳದ ಮನೆತನಕ್ಕೆ ಸೇರಿದವರೆಂಬುದು ಮುಂಬಯಿಯ ಕನ್ನಡಿಗರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆವು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು, ಮಹಾ ವಿದ್ವಾಂಸರು. ಹೆಂಗಸರು ಸಂಸ್ಕೃತವನ್ನು ಮುಟ್ಟಬಾರದೆಂದಿದ್ದ ಕಾಲದಲ್ಲಿ ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿ ಊರವರ ವಿರೋಧವನ್ನು ಕಟ್ಟಿಕೊಂಡರು. ಕಡೆಗೆ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮವನ್ನು ಕಟ್ಟಿಕೊಂಡು ನೆಲೆಸಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ಮಗುವಿಗೆ ಕೆಲವೇ ತಿಂಗಳಾಗಿದ್ದಾಗ ಸಂಸಾರವು ತೀರ್ಥಯಾತ್ರೆಗೆಂದು ಹೊರಟಿತು. ಆ ಯಾತ್ರೆ ಮುಗಿಯಲೇ ಇಲ್ಲ. ತಾಯಿಯ ಬಾಯಿಂದ ಕೇಳಿ ಕೇಳಿ ಹುಡುಗಿಯು ಭಾಗವತದ ಹದಿನೆಂಟು ಸಾವಿರ ಶ್ಲೋಕಗಳನ್ನು ಕಂಠಪಾಠ ಮಾಡಿದಳು.

ಅಷ್ಟರಲ್ಲಿ ಮದರಾಸು ಪ್ರಾಂತದಲ್ಲಿ ಕ್ಷಾಮ ತಲೆದೋರಿತು. ಇದ್ದ ಹಣವೆಲ್ಲ ದಾನಧರ್ಮಗಳಲ್ಲಿ ಕರಗಿತ್ತು. ಪುರಾಣ ಹೇಳುವುದೊಂದನ್ನು ಬಿಟ್ಟು ಆ ಕುಟುಂಬದಲ್ಲಿ ಯಾರಿಗೂ ಬೇರೆ ಕೆಲಸ ಬಾರದು. ಕೂಲಿ ಮಾಡಲು ಮಾನ ಅಡ್ಡಬಂದಿತು, ಭಿಕ್ಷೆ ಬೇಡಲೂ ಮನಸ್ಸು ಒಪ್ಪಲಿಲ್ಲ. ಕಾಡಿನ ಎಲೆಗಳನ್ನು ತಿಂದು ದಿನ ನೂಕಿದರು. 1874ರಲ್ಲಿ ತಂದೆಯೂ, ಅವರ ಹಿಂದೆಯೇ ತಾಯಿಯೂ, ಬಳಿಕ ಅಕ್ಕನೂ ಕಣ್ಣುಮುಚ್ಚಿದರು. ಉಳಿದ ಅಣ್ಣ ತಂಗಿಯರು ಬರಿಗಾಲಿನಲ್ಲಿ ಉತ್ತರ ಹಿಂದುಸ್ಥಾನದವರೆಗೂ ನಡೆದರು. ಝೀಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಗೋರಿಯಂತಹ ಎರಡು ಗುಳಿಗಳನ್ನು ತೋಡಿ, ತಲೆಯನ್ನು ಮಾತ್ರ ಹೊರಗಿಟ್ಟು, ಮೈಮೇಲೆ ಮರಳನ್ನು ಎಳೆದುಕೊಂಡು ಮಲಗಿದರು. ಕೈಗೆ ಕೆಲಸ ಕಲಿಸದ ವಿದ್ಯೆ ಹಸಿವಿನ ಮುಂದೆ ಎಷ್ಟು ನಿಸ್ಸಹಾಯವೆಂಬುದನ್ನು ರಮಾಬಾಯಿ ಜೀವಮಾನವಿಡೀ ಮರೆಯಲಿಲ್ಲ. ಅವರ ಮುಂದಿನ ಬಾಳಿನ ಕೀಲಿಕೈ ಇಲ್ಲಿದೆಯೆಂದು ನಮ್ಮ ಭಾವನೆ.

1878ರಲ್ಲಿ ಕಲಕತ್ತೆಯ ಪಂಡಿತರು ಅವರನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಬಂಗಾಳಿ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ವರಿಸಿದರು. ಎರಡು ವರ್ಷ ತುಂಬುವುದರೊಳಗೆ ಪತಿ ಕಾಲರಾಕ್ಕೆ ಬಲಿಯಾದರು. ಎಳೆಗೂಸು ಮನೋರಮೆಯೊಡನೆ ವಿಧವೆಯಾಗಿ ಪುಣೆಗೆ ಬಂದ ರಮಾಬಾಯಿ, ತಾವು ಬರೆದ ಮರಾಠಿ ಪುಸ್ತಕವನ್ನು ಮಾರಿ ಬಂದ ಹಣದಿಂದ 1883ರಲ್ಲಿ ಇಂಗ್ಲೆಂಡಿಗೆ ತೆರಳಿದರು.

ಅಲ್ಲಿ ವಾಂಟೇಜಿನ ಕ್ರೈಸ್ತ ಸಹೋದರಿಯರು ಅವರಿಗೆ ಆಶ್ರಯವಿತ್ತರು. ಸಮಾಜವು ಪತಿತೆಯರೆಂದು ತಳ್ಳಿದ ಹೆಂಗಸರಿಗಾಗಿ ಆ ಸಹೋದರಿಯರು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ಒಂದು ಮನೆಯನ್ನು ನಡೆಸುತ್ತಿದ್ದರು. ಬಿದ್ದವರನ್ನು ಎತ್ತಿ, ಪ್ರೀತಿಯಿಂದ ಉಪಚರಿಸಿ, ಮತ್ತೆ ಬಾಳಿಗೆ ಹಚ್ಚುವ ಈ ಕಾರ್ಯವನ್ನು ಕಂಡು ರಮಾಬಾಯಿ ಬೆರಗಾದರು, ಕಾರಣವೇನೆಂದು ವಿಚಾರಿಸಿದರು. ಯೇಸುವು ಸಮಾರ್ಯದ ಹೆಂಗಸಿನೊಡನೆ ಬಾವಿಯ ಬಳಿ ಮಾತಾಡಿದ ಪ್ರಸಂಗವನ್ನು ಸಹೋದರಿಯೊಬ್ಬರು ಓದಿ ತೋರಿಸಿದರು. ಅದೇ ವರ್ಷ ಸೆಪ್ಟೆಂಬರ್ 29ರಂದು ಅವರು ದೀಕ್ಷಾಸ್ನಾನ ಪಡೆದರು. ಆದರೆ ಧರ್ಮದೊಡನೆ ಆಂಗ್ಲರ ರೀತಿನೀತಿಗಳನ್ನೂ ಸ್ವೀಕರಿಸಬೇಕೆಂಬುದನ್ನು ಒಪ್ಪಲಿಲ್ಲ. ಶಾಕಾಹಾರವನ್ನೂ ಬಿಳಿಯ ಸೀರೆಯನ್ನೂ ಬಿಡಲಿಲ್ಲ. ಚರ್ಚಿನ ಹಿರಿಯರು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬಲೂ ಇಲ್ಲ. ವಾದಕ್ಕೆ ನಿಲ್ಲುವುದರಲ್ಲಿ ಅವರು ತಂದೆಯ ಮಗಳೇ!

ಅಮೆರಿಕೆಯಲ್ಲಿ ಸಹಾಯಧನ ಕೂಡಿಸಿಕೊಂಡು ಹಿಂದಿರುಗಿ, 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯ ಹತ್ತಿರ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮುಂದೆ ಮಹರ್ಷಿ ಕರ್ವೆಯವರ ಕೈಹಿಡಿದ ಗೋದೂಬಾಯಿಯವರು ಅಲ್ಲಿನ ಮೊದಲ ವಿಧವಾ ವಿದ್ಯಾರ್ಥಿನಿ. ತಮ್ಮ ತಮ್ಮ ಜಾತಿಯ ಆಚಾರದಂತೆ ಅಡಿಗೆ, ಊಟ, ಪೂಜೆಗಳನ್ನು ನಡೆಸುವ ಸ್ವಾತಂತ್ರ್ಯ ಅಲ್ಲಿದ್ದವರಿಗೆಲ್ಲ ಇತ್ತು. ಮರುವರ್ಷ ಸದನವು ಪುಣೆಗೆ ಹೋಯಿತು.

ರಮಾಬಾಯಿಯವರು ನಿತ್ಯವೂ ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಒಳಗೆ ಬಂದು ಕುಳಿತುಕೊಳ್ಳತೊಡಗಿದರು. ಊರಿನಲ್ಲಿ ಗುಲ್ಲೆದ್ದಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಮುಂತಾದ ಹಿರಿಯರು ಸಲಹಾ ಮಂಡಳಿಯನ್ನು ತೊರೆದರು. ಅನೇಕ ಪಾಲಕರು ಮಕ್ಕಳನ್ನು ಕರೆದೊಯ್ದರು. ಧರ್ಮದ ವಿಷಯದಲ್ಲಿ ಸದನವು ತಟಸ್ಥವಾಗಿರುವುದೆಂದು ನಂಬಿ ಕಳುಹಿಸಿದವರ ಕಳವಳವನ್ನು ಸುಳ್ಳೆನ್ನಲಾಗದು. ತಮ್ಮ ಮನೆಯಲ್ಲಿ ತಮ್ಮ ದೇವರನ್ನು ಬಚ್ಚಿಟ್ಟುಕೊಂಡು ಬಾಳಲಾರೆನೆಂಬ ಆಕೆಯ ಹಟವನ್ನೂ ತಪ್ಪೆನ್ನುವುದು ಕಷ್ಟ. ಬಾಗಿಲಂತೂ ತೆರೆದೇ ಉಳಿಯಿತು.

1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ ಸುಮಾರು ಮುನ್ನೂರು ಅನಾಥ ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವದ ಹೊಲದಲ್ಲಿ ನೆಲೆಗೊಳಿಸಿದರು. ಇದೇ ಮುಕ್ತಿ ಸದನ. 1900ರ ಕ್ಷಾಮದ ಬಳಿಕ ಅಲ್ಲಿದ್ದವರ ಸಂಖ್ಯೆ ಸುಮಾರು ಎರಡು ಸಾವಿರಕ್ಕೇರಿತು. ನೂರು ಎಲೆಯ ಅಡಿಗೆಗೆ ನಿಂತು ಬಲ್ಲ ನಮ್ಮ ಹೋಟೆಲ್ ಬಂಧುಗಳಿಗೆ ಎರಡು ಸಾವಿರ ಹೊಟ್ಟೆಗಳೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಬಾವಿಗಳನ್ನು ತೋಡಿಸಿದರು. ಬೇಸಾಯ, ಹೈನು, ಎಣ್ಣೆಗಾಣ, ನೇಯ್ಗೆ, ಹೊಲಿಗೆ, ಅಚ್ಚುಕೂಟ — ಪ್ರತಿಯೊಬ್ಬಳಿಗೂ ಅಕ್ಷರದೊಡನೆ ಒಂದು ಕಸುಬು. ಕುರುಡರಿಗೆ ಬೆರಳಿನಿಂದ ಓದುವ ಬ್ರೇಲ್ ಲಿಪಿಯನ್ನು ಮನೋರಮಾ ಕಲಿಸಿದರು. ತಾಯಿಮಗಳು ಕೂಡಿ 1912ರಲ್ಲಿ ಕಲಬುರಗಿಯಲ್ಲಿಯೂ ಒಂದು ಶಾಲೆಯನ್ನು ತೆರೆದರು.

ಇಷ್ಟರ ನಡುವೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಸಿಸಿ, ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಮರಾಠಿಯಲ್ಲಿ ಇಡೀ ಬೈಬಲನ್ನು ಭಾಷಾಂತರಿಸತೊಡಗಿದರು. ಒಮ್ಮೆ ಬೀದಿಪಾಲಾಗಿದ್ದ ಹೆಂಗಸರೇ ಅದರ ಮೊಳೆಗಳನ್ನು ಜೋಡಿಸಿದರು. 1921ರಲ್ಲಿ ಮನೋರಮಾ ತೀರಿಕೊಂಡರು. ಕಿವಿ ಮಂದವಾಗಿ, ದೇಹ ಜರ್ಜರಿತವಾಗಿದ್ದ ತಾಯಿ ಪ್ರೂಫುಗಳ ಮುಂದಿನಿಂದ ಏಳಲಿಲ್ಲ. ತಿದ್ದುವ ಕೆಲಸ ಮುಗಿದ ಕೆಲವೇ ದಿನಗಳಲ್ಲಿ, 1922ರ ಏಪ್ರಿಲ್ 5ರಂದು, ಅವರು ನಿದ್ರೆಯಲ್ಲಿಯೇ ಕೊನೆಯುಸಿರೆಳೆದರು. ಮುಕ್ತಿ ಸದನವು ಕೇಡಗಾಂವದಲ್ಲಿ ಇಂದಿಗೂ ನಡೆಯುತ್ತಿದೆ.