ಗಾಯಾಳು ಇದ್ದಲ್ಲಿಗೇ ಓಡಿದ ವೈದ್ಯ

ಕಳೆದ ವರ್ಷ ಪರೀಕ್ಷೆಯ ಹಿಂದಿನ ದಿನ ನಮ್ಮ ಕಾಲೇಜಿನ ಎದುರಿನ ರಸ್ತೆಯಲ್ಲಿ ಎರಡು ಬೈಕ್‌ಗಳು ಮುಖಾಮುಖಿ ಡಿಕ್ಕಿಯಾದವು. ಒಬ್ಬ ಸವಾರ ಕಾಲು ಹಿಡಿದುಕೊಂಡು ಜೋರಾಗಿ ಕೂಗುತ್ತಿದ್ದ. ಇನ್ನೊಬ್ಬ ರಸ್ತೆ ಬದಿಯಲ್ಲಿ ಸದ್ದಿಲ್ಲದೆ ಬಿದ್ದಿದ್ದ. ನಾವೆಲ್ಲ ಕೂಗುತ್ತಿದ್ದವನ ಸುತ್ತ ಸೇರಿದೆವು. ಅಷ್ಟರಲ್ಲಿ 108 ಬಂತು. ಅದರಿಂದ ಇಳಿದ ಸಿಬ್ಬಂದಿ ನಮ್ಮನ್ನು ದಾಟಿ ಸದ್ದಿಲ್ಲದೆ ಬಿದ್ದಿದ್ದವನ ಬಳಿ ಹೋದರು. ಇಲ್ಲಿ ಇಷ್ಟು ನರಳುತ್ತಿದ್ದರೂ ನೋಡುವುದಿಲ್ಲವೇ ಎಂದು ಗದರಿದವರಲ್ಲಿ ನಾನೂ ಒಬ್ಬ. ಅವರು ತಿರುಗಿ ನೋಡಲಿಲ್ಲ. ಅವನ ಕುತ್ತಿಗೆ ಅಲುಗದಂತೆ ಹಿಡಿದು, ಉಸಿರಾಟ ನೋಡಿ, ಆಮೇಲೆ ಇವನ ಕಡೆ ಬಂದರು. ಇಬ್ಬರನ್ನೂ ಗಾಡಿಗೆ ಹತ್ತಿಸಿ ಹೊರಡುವಾಗ ಒಂದೇ ಮಾತು ಹೇಳಿದರು. ಕೂಗುವವನು ಉಸಿರಾಡುತ್ತಿದ್ದಾನೆ ಎಂಬುದು ಖಾತ್ರಿ, ಕೂಗದವನನ್ನೇ ಮೊದಲು ನೋಡಬೇಕು ಎಂದರು.

ನಾಚಿಕೆಯಾಯಿತು. ಯಾರನ್ನು ಮೊದಲು ನೋಡಬೇಕು ಎಂಬ ಈ ಲೆಕ್ಕ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ ಹೆಸರು ಡೊಮಿನಿಕ್ ಜೀನ್ ಲಾರೆ. ನೆಪೋಲಿಯನ್ ಸೈನ್ಯದ ಶಸ್ತ್ರಚಿಕಿತ್ಸಕ. ಇಂದಿನ ಆಂಬುಲೆನ್ಸ್ ಸೇವೆಗೆ ಬುನಾದಿ ಹಾಕಿದ ವ್ಯಕ್ತಿ.

ಲಾರೆ ಹುಟ್ಟಿದ್ದು 1766ರ ಜುಲೈ 8ರಂದು, ಫ್ರಾನ್ಸಿನ ಪಿರನೀಸ್ ಪರ್ವತದ ಬಳಿಯ ಒಂದು ಸಣ್ಣ ಹಳ್ಳಿಯಲ್ಲಿ. ತಂದೆ ಚಪ್ಪಲಿ ಹೊಲಿಯುವವರು. ಲಾರೆ ಚಿಕ್ಕವನಿದ್ದಾಗಲೇ ತೀರಿಕೊಂಡರು. ತುಲೂಸ್ ನಗರದಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಚಿಕ್ಕಪ್ಪನ ಆಸರೆಯಲ್ಲಿ ಹುಡುಗ ವಿದ್ಯೆ ಕಲಿತ. ಅಲ್ಲಿಂದ ಪ್ಯಾರಿಸ್‌ಗೆ ಹೋದ. ಹೊಟ್ಟೆಪಾಡಿಗಾಗಿ ನೌಕಾಪಡೆ ಸೇರಿ ಅಟ್ಲಾಂಟಿಕ್ ಸಾಗರ ದಾಟಿ ನ್ಯೂಫೌಂಡ್‌ಲ್ಯಾಂಡ್‌ವರೆಗೂ ಹೋಗಿ ಬಂದ. 1789ರಲ್ಲಿ ಫ್ರೆಂಚ್ ಕ್ರಾಂತಿ ನಡೆದಾಗ ಪ್ಯಾರಿಸ್‌ನಲ್ಲೇ ಇದ್ದ. 1792ರಲ್ಲಿ ರೈನ್ ನದಿಯ ಗಡಿಯಲ್ಲಿದ್ದ ಸೈನ್ಯಕ್ಕೆ ಶಸ್ತ್ರಚಿಕಿತ್ಸಕನಾಗಿ ಸೇರಿದಾಗ ಅವರಿಗೆ ಸುಮಾರು ಇಪ್ಪತ್ತಾರು ವರ್ಷ. ನಮಗಿಂತ ಕೆಲವೇ ವರ್ಷ ದೊಡ್ಡವರು.

ಅಲ್ಲಿ ಅವರು ಕಂಡ ವ್ಯವಸ್ಥೆ ವಿಚಿತ್ರವಾಗಿತ್ತು. ಚಿಕಿತ್ಸೆಯ ಗಾಡಿಗಳು ರಣರಂಗದಿಂದ ನಾಲ್ಕೈದು ಕಿ.ಮೀ. ಹಿಂದೆಯೇ ನಿಲ್ಲಬೇಕು ಎಂಬುದು ನಿಯಮ. ಯುದ್ಧ ಮುಗಿದ ಮೇಲೆ ಗಾಯಾಳುಗಳನ್ನು ಹುಡುಕಿ ತರುವುದು. ಅದಕ್ಕೆ ಒಂದು ಹಗಲು, ಒಂದು ರಾತ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಬದುಕಬಹುದಾಗಿದ್ದವರು ರಕ್ತ ಸೋರಿ ಬಿದ್ದಲ್ಲೇ ಸಾಯುತ್ತಿದ್ದರು. ಕೊಲ್ಲುತ್ತಿರುವುದು ಗುಂಡು ಮಾತ್ರವಲ್ಲ, ಈ ದೂರವೂ ಹೌದು ಎಂಬುದು ಲಾರೆಗೆ ಅರ್ಥವಾಯಿತು.

ಉತ್ತರ ಕಣ್ಣೆದುರೇ ಇತ್ತು. ಕುದುರೆಗಳು ಎಳೆಯುತ್ತಿದ್ದ ಹಗುರ ಫಿರಂಗಿಗಳು ರಣರಂಗದಲ್ಲಿ ಸರಸರನೆ ಜಾಗ ಬದಲಿಸುತ್ತಿದ್ದವು. ಕೊಲ್ಲುವ ಯಂತ್ರ ಇಷ್ಟು ಬೇಗ ಓಡಬಹುದಾದರೆ ಉಳಿಸುವ ಗಾಡಿ ಏಕೆ ಓಡಬಾರದು? ಹೀಗೆ ಹುಟ್ಟಿದ್ದು ಅವರ ಹಾರುವ ಆಂಬುಲೆನ್ಸ್.

ಮೆಕ್ಯಾನಿಕಲ್ ವಿದ್ಯಾರ್ಥಿಯಾದ ನನಗೆ ಆ ಗಾಡಿಯ ವಿನ್ಯಾಸ ಓದಿದಷ್ಟೂ ಇಷ್ಟವಾಯಿತು. ಸಮತಟ್ಟಾದ ನೆಲಕ್ಕೆ ಎರಡು ಚಕ್ರದ, ಇಬ್ಬರು ಮಲಗಬಹುದಾದ ಗಾಡಿ. ಗುಡ್ಡಗಾಡಿಗೆ ನಾಲ್ಕು ಚಕ್ರದ ದೊಡ್ಡ ಗಾಡಿ. ಕುಲುಕಾಟ ತಗ್ಗಿಸಲು ಸ್ಪ್ರಿಂಗ್, ಗಾಳಿಗೆ ಕಿಟಕಿ, ಒಳಗೋಡೆಗೆ ಮೆತ್ತೆ. ಗಾಡಿಯ ತಳವೇ ಹಾಸಿಗೆ. ಅದಕ್ಕೆ ಸಣ್ಣ ಉರುಳೆಗಳಿದ್ದುದರಿಂದ ಹೊರಗೆ ಎಳೆದು ಗಾಯಾಳುವನ್ನು ಮಲಗಿಸಿ ಒಳಗೆ ತಳ್ಳಬಹುದಿತ್ತು. ಇಂದು 108ರ ಹಿಂಬಾಗಿಲಿನಿಂದ ಸ್ಟ್ರೆಚರ್ ಜಾರಿ ಬರುವುದನ್ನು ನೋಡಿದಾಗಲೆಲ್ಲ ನನಗೆ ಆ ಉರುಳೆಗಳು ನೆನಪಾಗುತ್ತವೆ.

ಗಾಡಿಯೊಂದೇ ಸಾಲದು, ತರಬೇತಿ ಪಡೆದ ಜನವೂ ಬೇಕು ಎಂಬುದು ಲಾರೆಗೆ ಗೊತ್ತಿತ್ತು. 1797ರಲ್ಲಿ ಇಟಲಿಯಲ್ಲಿ ಅವರು ಕಟ್ಟಿದ ಪಡೆಯಲ್ಲಿ ಸುಮಾರು 340 ಜನರಿದ್ದರು. ಪಡೆ ಮೂರು ತುಕಡಿಗಳಾಗಿತ್ತು. ಒಂದೊಂದಕ್ಕೂ 12 ಹಗುರ ಗಾಡಿ, 4 ದೊಡ್ಡ ಗಾಡಿ. ಶಸ್ತ್ರಚಿಕಿತ್ಸಕರಿಂದ ಹಿಡಿದು ಬ್ಯಾಂಡೇಜು ಹೊರುವ ನಗಾರಿ ಹುಡುಗನವರೆಗೆ ಎಲ್ಲರಿಗೂ ನಿಗದಿತ ಕೆಲಸವಿತ್ತು. ಮರುವರ್ಷ ಈಜಿಪ್ಟಿಗೆ ಹೋದಾಗ ಮರಳಿನಲ್ಲಿ ಗಾಡಿ ಓಡುವುದಿಲ್ಲ ಎಂದು ಕಂಡು ಒಂಟೆಗಳ ಎರಡು ಬದಿಗೆ ಪೆಟ್ಟಿಗೆ ಕಟ್ಟಿಸಿ ಗಾಯಾಳುಗಳನ್ನು ಸಾಗಿಸಿದರು.

ಇದಕ್ಕಿಂತ ದೊಡ್ಡದು ಅವರು ಪಾಲಿಸಿದ ನಿಯಮ. ಯಾರಿಗೆ ಗಾಯ ಹೆಚ್ಚೋ ಅವರಿಗೆ ಮೊದಲು ಚಿಕಿತ್ಸೆ. ಸೇನಾಧಿಕಾರಿ, ಸಾಮಾನ್ಯ ಸಿಪಾಯಿ ಎಂಬ ಭೇದವಿಲ್ಲ. ಶತ್ರು ಸೈನಿಕನಾದರೂ ಸರಿಯೇ. ಪದವಿಯೇ ಎಲ್ಲವನ್ನೂ ತೀರ್ಮಾನಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಇಂದು ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ನಡೆಯುವ ಟ್ರಯಾಜ್ ಪದ್ಧತಿಯ ಮೂಲ ಇದೇ.

ಅವರ ಕೈಯಲ್ಲಿ ಎಲ್ಲರೂ ಉಳಿದರು ಎಂದು ಭಾವಿಸಬೇಡಿ. ಆಗ ಅರಿವಳಿಕೆ ಇರಲಿಲ್ಲ, ಸೋಂಕು ಹೇಗೆ ಹರಡುತ್ತದೆ ಎಂಬ ಜ್ಞಾನವೂ ಇರಲಿಲ್ಲ. ನಜ್ಜುಗುಜ್ಜಾದ ಕೈಕಾಲನ್ನು ಮೊದಲ 24 ಗಂಟೆಯೊಳಗೆ ಕತ್ತರಿಸಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು. 1812ರಲ್ಲಿ ರಷ್ಯಾದ ಬೊರೊಡಿನೊ ಯುದ್ಧದಲ್ಲಿ ಒಂದೇ ದಿನದಲ್ಲಿ ಸುಮಾರು 200 ಅಂಗಛೇದನ ಮಾಡಿದರು. 1809ರಲ್ಲಿ ತಮ್ಮ ಆಪ್ತ ಗೆಳೆಯ ಮಾರ್ಷಲ್ ಲಾನ್‌ನ ಕಾಲನ್ನು ತಾವೇ ಕತ್ತರಿಸಬೇಕಾಯಿತು. ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಲಾರೆ ಮತ್ತೆ ಉಳಿದ ಗಾಯಾಳುಗಳ ಕಡೆ ತಿರುಗಿದರು. ಡ್ಯಾನ್ಯೂಬ್ ನದಿಯ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದ ಆ ಗಾಯಾಳುಗಳಿಗೆ ಊಟವಿರಲಿಲ್ಲ. ಸೈನಿಕರ ಎದೆಕವಚವನ್ನೇ ಪಾತ್ರೆ ಮಾಡಿ, ಕುದುರೆ ಮಾಂಸದ ಸಾರು ಕಾಯಿಸಿ, ಉಪ್ಪಿನ ಬದಲು ಮದ್ದಿನ ಪುಡಿ ಹಾಕಿ ಕುಡಿಸಿದರು. ರೋಗಿಗೆ ಶಸ್ತ್ರಚಿಕಿತ್ಸೆಯಷ್ಟೇ ಆರೈಕೆಯೂ ಮುಖ್ಯ ಎಂದು ತಿಳಿದವರಿಗೆ ಮಾತ್ರ ಇದು ಹೊಳೆಯುತ್ತದೆ.

ಅವರ ನಿಜವಾದ ಪರೀಕ್ಷೆ ನಡೆದದ್ದು 1813ರಲ್ಲಿ. ಬೌಟ್ಸೆನ್ ಯುದ್ಧದ ನಂತರ ಎರಡು ಸಾವಿರಕ್ಕೂ ಹೆಚ್ಚು ಸೈನಿಕರ ಕೈಗೆ ಗಾಯವಾಗಿತ್ತು. ಯುದ್ಧದಿಂದ ತಪ್ಪಿಸಿಕೊಳ್ಳಲು ಬೇಕೆಂದೇ ಕೈಗೆ ಗುಂಡು ಹೊಡೆದುಕೊಂಡಿದ್ದಾರೆ ಎಂಬ ಆರೋಪ ಬಂತು. ಚಕ್ರವರ್ತಿ ಅದನ್ನು ನಂಬಿದ್ದ. ಸಾಬೀತಾದರೆ ಗುಂಡಿಕ್ಕಿ ಕೊಲ್ಲುವ ಶಿಕ್ಷೆ. ಲಾರೆ ಒಬ್ಬೊಬ್ಬ ಸೈನಿಕನ ಗಾಯವನ್ನೂ ಪರೀಕ್ಷಿಸಿದರು. ಇವರೆಲ್ಲ ಸರಿಯಾದ ತರಬೇತಿಯಿಲ್ಲದ ಹೊಸಬರು, ಹಿಂದಿನ ಸಾಲಿನವರು ಹಾರಿಸಿದ ಗುಂಡು ಮುಂದಿನ ಸಾಲಿನವರ ಕೈಗೆ ತಗುಲಿದೆ ಎಂದು ಕಂಡುಕೊಂಡರು. ಎಲ್ಲರೂ ನಿರಪರಾಧಿಗಳು ಎಂದು ವರದಿ ಬರೆದು ಚಕ್ರವರ್ತಿಯ ಕೈಗೇ ಕೊಟ್ಟರು. ಕೆಲಸ ಹೋಗಬಹುದಿತ್ತು, ತಲೆಯೂ ಹೋಗಬಹುದಿತ್ತು. ನೆಪೋಲಿಯನ್ ವರದಿ ಒಪ್ಪಿದ. ಅಷ್ಟೇ ಅಲ್ಲ, ಲಾರೆಗೆ ಬಹುಮಾನವನ್ನೂ ಕೊಟ್ಟ.

ಸೈನಿಕರೂ ಋಣ ಮರೆಯಲಿಲ್ಲ. ರಷ್ಯಾದಿಂದ ಹಿಂತಿರುಗುವಾಗ ಬೆರೆಜಿನಾ ನದಿಯ ಸೇತುವೆಯ ಮೇಲೆ ನೂಕುನುಗ್ಗಲು. ಗುಂಪಿನಲ್ಲಿ ಸಿಕ್ಕಿಕೊಂಡವರು ಲಾರೆ ಎಂದು ತಿಳಿದ ಕೂಡಲೇ ಸೈನಿಕರು ಅವರನ್ನು ಕೈಯಿಂದ ಕೈಗೆ ಎತ್ತಿ ಆಚೆ ದಡ ಸೇರಿಸಿದರು.

ಅವರು ಕಲಿಸಿದ ಪಾಠವೂ ಒಮ್ಮೆ ಅವರ ಜೀವ ಉಳಿಸಿತು. 1815ರ ವಾಟರ್‌ಲೂ ಯುದ್ಧದಲ್ಲಿ ಗಾಯಗೊಂಡು ಪ್ರಷ್ಯನ್ ಸೈನಿಕರ ಕೈಗೆ ಸಿಕ್ಕಿಬಿದ್ದರು. ಗುಂಡಿಕ್ಕಲು ಆದೇಶವಾಗಿತ್ತು. ಆಗ ಅಲ್ಲಿದ್ದ ಜರ್ಮನ್ ವೈದ್ಯನೊಬ್ಬ ಅವರ ಗುರುತು ಹಿಡಿದ. ಹಿಂದೆ ಬರ್ಲಿನ್‌ನಲ್ಲಿ ಲಾರೆ ಮಾಡಿದ ಉಪನ್ಯಾಸ ಕೇಳಿದ್ದವನು ಆತ. ಸೇನಾಪತಿ ಬ್ಲೂಷರ್ ಬಳಿಗೆ ಸುದ್ದಿ ಹೋಯಿತು. ಬ್ಲೂಷರ್‌ನ ಮಗ ಫ್ರೆಂಚರಿಗೆ ಸೆರೆಸಿಕ್ಕಿದ್ದಾಗ ಅವನಿಗೆ ಚಿಕಿತ್ಸೆ ಕೊಟ್ಟಿದ್ದವರೂ ಲಾರೆಯೇ. ಬಿಡುಗಡೆಯಾಯಿತು.

ನೆಪೋಲಿಯನ್ ತನ್ನ ಉಯಿಲಿನಲ್ಲಿ ಲಾರೆಯನ್ನು ತಾನು ಕಂಡ ಅತ್ಯಂತ ಸಜ್ಜನನೆಂದು ನೆನೆದು ಒಂದು ಲಕ್ಷ ಫ್ರಾಂಕ್ ಬರೆದಿಟ್ಟ. ಲಾರೆ 1842ರ ಜುಲೈ 25ರಂದು, ಅಲ್ಜೀರಿಯಾದ ಸೇನಾ ಆಸ್ಪತ್ರೆಗಳನ್ನು ಪರಿಶೀಲಿಸಿ ಮರಳುವ ದಾರಿಯಲ್ಲಿ ಲಿಯೋನ್ ನಗರದಲ್ಲಿ ತೀರಿಕೊಂಡರು. ಆಗ 76 ವರ್ಷ, ಇನ್ನೂ ಕೆಲಸದಲ್ಲಿದ್ದರು.

ನಮ್ಮ ರಾಜ್ಯದಲ್ಲಿ 108 ಸೇವೆ ಶುರುವಾದದ್ದು 2008ರಲ್ಲಿ. ಲಾರೆ ದಾಟಿದ ದೂರವನ್ನು ಅದರ ಸಿಬ್ಬಂದಿ ದಿನವೂ ದಾಟುತ್ತಿದ್ದಾರೆ. ಆದರೆ ಗಾಡಿ ಬರುವವರೆಗಿನ ನಿಮಿಷಗಳು ನಮ್ಮವು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು, ಕುತ್ತಿಗೆಗೆ ಪೆಟ್ಟಾಗಿರುವವನನ್ನು ಎಳೆದಾಡಬಾರದು, ರಕ್ತ ಸೋರುವ ಜಾಗವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಇಷ್ಟನ್ನು ಕಲಿಯಲು ಬಿಇ ಬೇಡ, ಎಂಬಿಬಿಎಸ್ಸೂ ಬೇಡ. ಆ ಘಟನೆಯ ನಂತರ ನಾನು ಪ್ರಥಮ ಚಿಕಿತ್ಸೆಯ ತರಬೇತಿಗೆ ಹೆಸರು ಕೊಟ್ಟೆ. ಮುಂದಿನ ಸಲ ಅಂಥ ಜಾಗದಲ್ಲಿದ್ದರೆ ಕೂಗುವವನ ಸುತ್ತ ನಿಲ್ಲದೆ, ಕೂಗದವನನ್ನು ಮೊದಲು ಹುಡುಕುತ್ತೇನೆ.