ಟೊಮ್ಯಾಟೊ ಡಬ್ಬಿಯಿಂದ ವಿ-8ರವರೆಗೆ: ಗ್ಲೆನ್ ಕರ್ಟಿಸ್ ಎಂಬ ಸೈಕಲ್ ಅಂಗಡಿಯವ

ಹಳೇ ಸೈಕಲ್ಲಿಗೆ ಒಂದು ಇಂಜಿನ್ ಕಟ್ಟಿ ಓಡಿಸಬೇಕು ಅನ್ನೋ ಆಸೆ ನಮ್ಮಲ್ಲಿ ಯಾರಿಗೆ ಬಂದಿಲ್ಲ ಹೇಳಿ? ಈಗ ಅದಕ್ಕೆ ಕಿಟ್ ಸಿಗುತ್ತೆ. ಇಂಜಿನ್, ಕಾರ್ಬುರೇಟರ್, ಚೈನು, ಸ್ಪ್ರಾಕೆಟ್, ಪೆಟ್ರೋಲ್ ಟ್ಯಾಂಕು, ಕ್ಲಚ್ ಕೇಬಲ್ಲು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಜೋಡಿಸೋದು ಹೇಗೆ ಅಂತ ತೋರಿಸೋ ವಿಡಿಯೋಗಳಿಗೂ ಬರವಿಲ್ಲ.

1901ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್ ಎಂಬ ಪುಟ್ಟ ಊರಿಗೂ ಇಂಥದ್ದೊಂದು ಕಿಟ್ ಬಂತು. ಅದರಲ್ಲಿ ಇದ್ದದ್ದು ಒರಟು ಎರಕದ ತುಂಡುಗಳು ಮಾತ್ರ. ಕಾರ್ಬುರೇಟರ್ ಇಲ್ಲ, ಹೇಗೆ ಜೋಡಿಸಬೇಕು ಅಂತ ಒಂದು ಚೀಟಿಯೂ ಇಲ್ಲ. ತರಿಸಿಕೊಂಡವನು 23 ವರ್ಷದ ಸೈಕಲ್ ಅಂಗಡಿಯವನು, ಓದಿದ್ದು ಎಂಟನೇ ತರಗತಿ. ಆರೇ ವರ್ಷದಲ್ಲಿ ಆತ ಗಂಟೆಗೆ 219 ಕಿಲೋಮೀಟರ್ ವೇಗದಲ್ಲಿ ಮೋಟರ್‌ಸೈಕಲ್ ಓಡಿಸಿದ. ಅದರ ಮುಂದಿನ ವರ್ಷ ವಿಮಾನ ಹಾರಿಸಿದ. ಹೆಸರು ಗ್ಲೆನ್ ಹ್ಯಾಮಂಡ್ ಕರ್ಟಿಸ್.

ಪೆಡಲ್ ತುಳಿದ ಕಾಲ

ಕರ್ಟಿಸ್ ಹುಟ್ಟಿದ್ದು 1878ರ ಮೇ 21ರಂದು, ಅದೇ ಹ್ಯಾಮಂಡ್ಸ್‌ಪೋರ್ಟಿನಲ್ಲಿ. ಕ್ಯೂಕಾ ಸರೋವರದ ದಡದ ಊರು. ಸುತ್ತ ದ್ರಾಕ್ಷಿತೋಟ, ವೈನ್ ತಯಾರಿಕೆ. ಅಪ್ಪ ಬೇಗನೇ ತೀರಿಕೊಂಡರು. ತಂಗಿ ರೂತಾ ಚಿಕ್ಕಂದಿನಲ್ಲೇ ಕಾಯಿಲೆ ಬಿದ್ದು ಕಿವಿ ಕಳೆದುಕೊಂಡಳು. ಅವಳನ್ನು ಕಿವುಡ ಮಕ್ಕಳ ಶಾಲೆಗೆ ಸೇರಿಸಲೆಂದು ಮನೆಯವರು ರಾಚೆಸ್ಟರ್ ನಗರಕ್ಕೆ ಹೋದರು.

ಗ್ಲೆನ್‌ನ ಓದು ಎಂಟಕ್ಕೇ ನಿಂತಿತು. ಮೊದಲ ಕೆಲಸ ಸಿಕ್ಕಿದ್ದು ಈಸ್ಟ್‌ಮನ್ ಕಂಪನಿಯಲ್ಲಿ, ಅಂದರೆ ಮುಂದೆ ಕೊಡಾಕ್ ಅಂತ ಹೆಸರಾದ ಕಂಪನಿಯಲ್ಲಿ. ಫಿಲಂ ಕಾಗದದ ಮೇಲೆ ಅಂಕಿ ಹಾಕುವ ಕೆಲಸವನ್ನು ಒಂದೊಂದಾಗಿ ಕೈಯಲ್ಲೇ ಮಾಡುತ್ತಿದ್ದರು. ಹುಡುಗ ಅದಕ್ಕೊಂದು ಸ್ಟೆನ್ಸಿಲ್ ಯಂತ್ರವನ್ನೇ ಮಾಡಿಕೊಟ್ಟ, ಕಂಪನಿ ಅದನ್ನು ಬಳಕೆಗೆ ತಂದಿತು. ಆಮೇಲೆ ಸೈಕಲ್ ಮೇಲೆ ಊರು ಸುತ್ತಿ ಟೆಲಿಗ್ರಾಂ ಹಂಚಿದ. ಸೈಕಲ್ ರೇಸುಗಳಲ್ಲೂ ಹೆಸರು ಮಾಡಿದ. 1898ರಲ್ಲಿ ಲೀನಾ ನೆಫ್ ಎಂಬುವಳನ್ನು ಮದುವೆಯಾಗಿ, ಹುಟ್ಟೂರಿನಲ್ಲಿ ಸೈಕಲ್ ಅಂಗಡಿ ಇಟ್ಟ.

ರೇಸಿನಲ್ಲಿ ಗೆಲ್ಲೋದು ಕಾಲಿನ ಬಲದಿಂದ. ಆ ಬಲಕ್ಕೆ ಮಿತಿ ಇದೆ ಅಂತ ರೇಸು ಓಡಿದವನಿಗೆ ಬೇರೆಯವರು ಹೇಳಬೇಕಾಗಿಲ್ಲ. ಬಫೆಲೋ ನಗರದ ಇ. ಆರ್. ಥಾಮಸ್ ಕಂಪನಿ ಸೈಕಲ್ಲಿಗೆ ಹಾಕುವ ಇಂಜಿನ್ನಿನ ಎರಕಗಳನ್ನು ಮಾರುತ್ತಿತ್ತು. ಕರ್ಟಿಸ್ ಒಂದು ಸೆಟ್ ತರಿಸಿದ.

ಡಬ್ಬಿ, ಜಾಲರಿ, ಪೆಟ್ರೋಲು

ಎರಕದ ತುಂಡು ಅಂದರೆ ಇಂಜಿನ್ ಅಲ್ಲ. ವರ್ಕ್‌ಶಾಪ್ ಲ್ಯಾಬಿನಲ್ಲಿ ಫೌಂಡ್ರಿ ಮಾಡಿದವರಿಗೆ ಇದು ಗೊತ್ತೇ ಇರುತ್ತೆ. ಸಿಲಿಂಡರಿನ ಒಳಗನ್ನು ಬೋರ್ ಮಾಡಬೇಕು, ಪಿಸ್ಟನ್ ಅನ್ನು ಅಳತೆಗೆ ತಿರುವಬೇಕು, ರಿಂಗ್ ಕೂರೋ ಗಾಡಿಗಳನ್ನು ಕೊರೆಯಬೇಕು. ಸ್ವಲ್ಪ ಸಡಿಲವಾದರೆ ಕಂಪ್ರೆಷನ್ ನಿಲ್ಲಲ್ಲ, ಸ್ವಲ್ಪ ಬಿಗಿಯಾದರೆ ಪಿಸ್ಟನ್ನೇ ಅಲ್ಲಾಡಲ್ಲ.

ಅದೆಲ್ಲಾ ಮುಗಿದ ಮೇಲೂ ಒಂದು ದೊಡ್ಡ ಕೊರತೆ ಉಳಿದಿತ್ತು. ಪೆಟ್ರೋಲು ದ್ರವವಾಗಿದ್ದರೆ ಸಿಲಿಂಡರಿನಲ್ಲಿ ಸರಿಯಾಗಿ ಉರಿಯಲ್ಲ. ಅದು ಆವಿಯಾಗಿ ಗಾಳಿ ಜೊತೆ ಬೆರೆಯಬೇಕು. ಕರ್ಟಿಸ್ ಒಂದು ಖಾಲಿ ಟೊಮ್ಯಾಟೊ ಡಬ್ಬಿ ತಗೊಂಡ. ಅದಕ್ಕೆ ಪೆಟ್ರೋಲ್ ಸುರಿದು ಜಾಲರಿ ಬಟ್ಟೆ ಹಾಕಿದ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಬಟ್ಟೆ ಪೆಟ್ರೋಲನ್ನು ಮೇಲಕ್ಕೆ ಹೀರಿಕೊಂಡಿತು, ಅಷ್ಟಗಲ ಮೈಯಿಂದ ಅದು ಸಲೀಸಾಗಿ ಆವಿಯಾಯಿತು. ಆ ಆವಿ ಒಂದು ಕೊಳವೆಯಲ್ಲಿ ಹಾದು ಸಿಲಿಂಡರಿಗೆ ಹೋಗಬೇಕು. ಕರ್ಟಿಸನ ಮೊದಲ ಕಾರ್ಬುರೇಟರ್ ಅದು.

ಮೊದಲ ದಿನ ಊರವರ ಮುಂದೆ ಎಷ್ಟು ಪೆಡಲ್ ತುಳಿದರೂ ಇಂಜಿನ್ ಬಾಯೇ ಬಿಡಲಿಲ್ಲವಂತೆ. ಬೆವರು ಸುರಿಸಿಕೊಂಡು ಊರಾಚೆವರೆಗೂ ತುಳಿದ ಮೇಲೆ ಒಮ್ಮೆಲೇ ಹೊತ್ತಿಕೊಂಡು ಓಡತೊಡಗಿತಂತೆ. ನಿಲ್ಲಿಸಲು ಬೇರೆ ದಾರಿ ಕಾಣದೆ ಮರಕ್ಕೆ ಗುದ್ದಿ ನಿಲ್ಲಿಸಿದ ಅಂತ ಕಥೆ ಹೇಳುತ್ತಾರೆ. ಮರದ ಮಾತು ಎಷ್ಟು ನಿಜವೋ ಏನೋ, ಇಂಜಿನ್ನಿನ ತಲೆಬಿಸಿ ಮುಗಿದ ಮೇಲೆ ಬ್ರೇಕಿನ ತಲೆಬಿಸಿ ಶುರುವಾಗೋದಂತೂ ನಿಜ.

ಮೊದಲ ಇಂಜಿನ್ ತೀರಾ ಚಿಕ್ಕದು, ಸಿಲಿಂಡರಿನ ಒಳ ಅಗಲ ಸುಮಾರು ಎರಡೇ ಇಂಚು. ಏರು ಬಂದರೆ ಸುಸ್ತು. ಕರ್ಟಿಸ್ ಮತ್ತೆ ಥಾಮಸ್ ಕಂಪನಿಗೆ ಬರೆದು, ಅವರ ಬಳಿ ಇದ್ದ ಎಲ್ಲಕ್ಕಿಂತ ದೊಡ್ಡ ಇಂಜಿನ್ನಿನ ಎರಕ ತರಿಸಿದ. ಈ ಸಲ ಕಥೆ ತಿರುಗುಮುರುಗು. ಬಲ ಸಾಕಷ್ಟಿತ್ತು, ಆದರೆ ಒಂದೇ ದೊಡ್ಡ ಸಿಲಿಂಡರಿನ ಭಾರೀ ಹೊಡೆತಕ್ಕೆ ಸೈಕಲ್ಲಿನ ಕೊಳವೆಗಳು ಗಡಗಡ ನಡುಗಿದವು. ಇಂಜಿನ್ ಫ್ರೇಮಿನಿಂದ ಕಿತ್ತುಕೊಂಡು ಹೋಗುವಂತಿತ್ತು.

ಚಿಕ್ಕದು ಸಾಲಲಿಲ್ಲ, ದೊಡ್ಡದು ತಾಳಲಿಲ್ಲ. ಸೈಕಲ್ಲಿಗೆ ಬೇಕಿದ್ದದ್ದು ಹಗುರವಾಗಿದ್ದು ಬಲ ಕೊಡುವ ಇಂಜಿನ್, ಅದು ಮಾರುಕಟ್ಟೆಯಲ್ಲಿ ಇರಲಿಲ್ಲ. ಹಾಗಾಗಿ ಮೂರನೆಯದರ ನಕ್ಷೆಯನ್ನು ತಾನೇ ಹಾಕಿದ. ಅದೇ ಹೊತ್ತಿನಲ್ಲಿ ಮನೆಯಲ್ಲಿ ದೊಡ್ಡ ಸಂಕಟ: ಮೊದಲ ಮಗು, ಗಂಡು ಕೂಸು, 1902ರಲ್ಲಿ ವರ್ಷ ತುಂಬುವ ಮುನ್ನವೇ ತೀರಿಕೊಂಡಿತು. ಅಂಗಡಿಯ ಕೆಲಸ ಮಾತ್ರ ಮುಂದುವರಿಯಿತು. ಮೋಟರ್‌ಸೈಕಲ್‌ಗಳು ಮೊದಲು ಹರ್ಕ್ಯುಲಿಸ್ ಹೆಸರಿನಲ್ಲಿ, ಆಮೇಲೆ ಕರ್ಟಿಸ್ ಹೆಸರಿನಲ್ಲೇ ಮಾರಾಟವಾದವು.

ದುರ್ಬಲ ಕೊಂಡಿ ಎಲ್ಲಿದೆ?

1903ರಲ್ಲಿ ಕರ್ಟಿಸ್ ಒಂದು ಮೈಲಿ ದೂರವನ್ನು ಗಂಟೆಗೆ 103 ಕಿಲೋಮೀಟರ್ ವೇಗದಲ್ಲಿ ಓಡಿಸಿ ದಾಖಲೆ ಮಾಡಿದ. ಒಂದು ದೊಡ್ಡ ಸಿಲಿಂಡರಿನ ಬದಲು ವಿ ಆಕಾರದಲ್ಲಿ ಎರಡು ಚಿಕ್ಕ ಸಿಲಿಂಡರ್ ಇಟ್ಟರೆ, ಅಷ್ಟೇ ಬಲ ಚಿಕ್ಕ ಚಿಕ್ಕ ಹೊಡೆತಗಳಾಗಿ ಹಂಚಿಹೋಗುತ್ತೆ, ನಡುಕ ಕಮ್ಮಿಯಾಗುತ್ತೆ. ಹ್ಯಾಂಡಲ್ಲಿನ ಹಿಡಿ ತಿರುಗಿಸಿ ವೇಗ ಹೆಚ್ಚು ಕಡಿಮೆ ಮಾಡುವ ಏರ್ಪಾಟನ್ನು ಮೊದಮೊದಲು ಬಳಸಿದವರಲ್ಲೂ ಆತ ಒಬ್ಬ.

ಹಗುರ ಇಂಜಿನ್ನಿನ ಸುದ್ದಿ ಬಲೂನ್ ಹಾರಿಸುವವರ ಕಿವಿಗೂ ಬಿತ್ತು. ಥಾಮಸ್ ಸ್ಕಾಟ್ ಬಾಲ್ಡ್ವಿನ್ ಎಂಬುವನು 1904ರಲ್ಲಿ ಕರ್ಟಿಸನ ಮೋಟರ್‌ಸೈಕಲ್ ಇಂಜಿನ್ನನ್ನೇ ತನ್ನ ವಾಯುನೌಕೆಗೆ ಕಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಹಾರಿದ. ಅಲ್ಲಿಂದ ಹ್ಯಾಮಂಡ್ಸ್‌ಪೋರ್ಟಿಗೆ ಆಕಾಶದ ಗಿರಾಕಿಗಳು ಬರತೊಡಗಿದರು. ಅವರಿಗೆ ಇನ್ನೂ ದೊಡ್ಡ ಇಂಜಿನ್ ಬೇಕಿತ್ತು. ಹಾಗೆ ತಯಾರಾಯಿತು ಎಂಟು ಸಿಲಿಂಡರಿನ, ಗಾಳಿಯಿಂದಲೇ ತಣ್ಣಗಾಗುವ, ಸುಮಾರು 40 ಅಶ್ವಶಕ್ತಿಯ ವಿ-8. ಇದನ್ನು ಮೋಟರ್‌ಸೈಕಲ್ಲಿಗೆ ಹಾಕಿದರೆ ಹೇಗಿರುತ್ತೆ? ಬೇರೆ ಯಾರಿಗಾದರೂ ಇದು ಹುಚ್ಚಾಟ, ಕರ್ಟಿಸನಿಗೆ ಪ್ರಯೋಗ.

ಉದ್ದನೆಯ ಫ್ರೇಮು ಕಟ್ಟಿದ. ಬೆಲ್ಟಿನ ಬದಲು ಶಾಫ್ಟು ಮತ್ತು ಬೆವೆಲ್ ಗೇರು ಬಳಸಿ ಹಿಂದಿನ ಚಕ್ರಕ್ಕೆ ನೇರವಾಗಿ ಬಲ ಕೊಟ್ಟ. 1907ರ ಜನವರಿ 24ರಂದು ಫ್ಲಾರಿಡಾದ ಆರ್ಮಂಡ್ ಕಡಲತೀರದ ಗಟ್ಟಿ ಮರಳಿನ ಮೇಲೆ ಒಂದು ಮೈಲಿಯನ್ನು 26.4 ಸೆಕೆಂಡಿನಲ್ಲಿ ದಾಟಿದ. ಗಂಟೆಗೆ 219 ಕಿಲೋಮೀಟರ್! ಆ ದಿನದವರೆಗೆ ಯಾವ ಗಾಡಿಯಲ್ಲೂ ಯಾರೂ ಅಷ್ಟು ವೇಗ ಕಂಡಿರಲಿಲ್ಲ. ಮತ್ತೆ ಓಡಿಸಹೊರಟಾಗ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ ಮುರಿಯಿತು, ಫ್ರೇಮು ಬಾಗಿತು. ಬದುಕಿ ಉಳಿದದ್ದೇ ದೊಡ್ಡದು. ಅದನ್ನು ಅಧಿಕೃತ ದಾಖಲೆಯಾಗಿ ಯಾರೂ ಒಪ್ಪಲಿಲ್ಲ.

ಈ ಆರು ವರ್ಷವನ್ನು ಒಟ್ಟಿಗೆ ನೋಡಿದರೆ ಒಂದು ವಿಷಯ ಕಾಣುತ್ತೆ. ಮೊದಲು ಕೈಕೊಟ್ಟದ್ದು ಇಂಧನ, ಆಮೇಲೆ ಬಲ, ಆಮೇಲೆ ನಡುಕ, ಕೊನೆಗೆ ಶಾಫ್ಟು ಮತ್ತು ಫ್ರೇಮು. ಒಂದನ್ನು ಗಟ್ಟಿ ಮಾಡಿದರೆ ದೌರ್ಬಲ್ಯ ಅದರ ಪಕ್ಕದ ಭಾಗಕ್ಕೆ ಜರುಗುತ್ತೆ. ಸೈಕಲ್ಲಿಗೆ ಕಿಟ್ ಕಟ್ಟಿ, ಆಮೇಲೆ ದೊಡ್ಡ ಕಾರ್ಬುರೇಟರ್ ಹಾಕಿದವರು ಈ ಮಾತಿಗೆ ತಲೆಯಾಡಿಸುತ್ತಾರೆ. ಇಂಜಿನ್ ಚುರುಕಾದ ಮರುವಾರವೇ ಸ್ಪೋಕು ಮುರಿಯುತ್ತೆ, ಚೈನು ಕಳಚುತ್ತೆ, ಬ್ರೇಕು ಸಾಲದು ಅನ್ನಿಸುತ್ತೆ. ಕರ್ಟಿಸನ ಜಾಣ್ಮೆ ಇದ್ದದ್ದು ಮುರಿದದ್ದು ಯಾವುದು ಅಂತ ನೋಡಿ, ಅದನ್ನಷ್ಟೇ ಬದಲಿಸಿ, ಮತ್ತೆ ಓಡಿಸುವುದರಲ್ಲಿ.

ನೆಲದಿಂದ ಮೇಲಕ್ಕೆ

1907ರ ಅಕ್ಟೋಬರಿನಲ್ಲಿ ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ವಿಮಾನ ಪ್ರಯೋಗಕ್ಕೆಂದು ಐದು ಜನರ ಒಂದು ಸಂಘ ಕಟ್ಟಿದರು. ದುಡ್ಡು ಹಾಕಿದವರು ಬೆಲ್ ಅವರ ಹೆಂಡತಿ ಮೇಬಲ್. ಇಂಜಿನ್ ಹೊಣೆ ಕರ್ಟಿಸನದು. ವಿಧಾನ ಅದೇ ಹಳೆಯದು. ಮೊದಲ ವಿಮಾನ ರೆಡ್ ವಿಂಗ್ ಹೆಪ್ಪುಗಟ್ಟಿದ ಕ್ಯೂಕಾ ಸರೋವರದಿಂದ ಎದ್ದು, ಎರಡನೇ ಹಾರಾಟದಲ್ಲಿ ಪಕ್ಕಕ್ಕೆ ವಾಲಿ ಬಿತ್ತು. ವಾಲದಂತೆ ತಡೆಯಲು ಎರಡನೆಯದಕ್ಕೆ ರೆಕ್ಕೆಯ ತುದಿಯಲ್ಲಿ ತಿರುಗುವ ಐಲೆರಾನ್‌ಗಳನ್ನು ಹಾಕಿದರು. ಮೂರನೆಯದರ ರೆಕ್ಕೆಯ ಬಟ್ಟೆಯಲ್ಲಿ ಗಾಳಿ ನುಸುಳುತ್ತಿತ್ತು, ಪ್ಯಾರಾಫಿನ್ ಮತ್ತು ಟರ್ಪೆಂಟೈನ್ ಸೇರಿಸಿದ ಮಿಶ್ರಣ ಬಳಿದರು. ಆ ಮೂರನೆಯದೇ ಜೂನ್ ಬಗ್. 1908ರ ಜುಲೈ 4ರಂದು ಜನರ ಕಣ್ಣೆದುರು ಕರ್ಟಿಸ್ ಅದನ್ನು 1,550 ಮೀಟರ್ ದೂರ ಹಾರಿಸಿದ. ಬಹುಮಾನಕ್ಕೆ ಬೇಕಿದ್ದದ್ದು ಒಂದು ಕಿಲೋಮೀಟರ್ ಮಾತ್ರ.

ಮುಂದಿನದು ಬೇಗ ಬೇಗ ನಡೆಯಿತು. 1909ರಲ್ಲಿ ಫ್ರಾನ್ಸಿನ ರ್‍ಹೀಮ್ಸ್‌ನಲ್ಲಿ ಬ್ಲೇರಿಯೋನನ್ನು ಕೆಲವೇ ಸೆಕೆಂಡುಗಳಿಂದ ಹಿಂದಿಕ್ಕಿ ಗಾರ್ಡನ್ ಬೆನೆಟ್ ಕಪ್ ಗೆದ್ದ. 1910ರಲ್ಲಿ ಆಲ್ಬನಿಯಿಂದ ನ್ಯೂಯಾರ್ಕಿಗೆ ಹಾರಿ 10,000 ಡಾಲರ್ ಬಹುಮಾನ ಪಡೆದ. 1911ರಲ್ಲಿ ನೀರಿನ ಮೇಲಿಂದ ಏಳುವ ವಿಮಾನ ಮಾಡಿದ.

ಬದಲಾವಣೆಯ ಲೆಕ್ಕ

ಇಲ್ಲಿಗೆ ನಿಲ್ಲಿಸಿದರೆ ಇದು ಸಾಧಕನ ಕಥೆ ಮಾತ್ರ. ಆದರೆ ಕರ್ಟಿಸನ ಬದುಕಿನಲ್ಲಿ ಇನ್ನೊಂದು ಅಧ್ಯಾಯ ಇದೆ, ಎಂಜಿನಿಯರಿಂಗ್ ಓದುವ ನಾವು ಅದನ್ನು ಬಿಡಬಾರದು.

ರೈಟ್ ಸಹೋದರರೂ ಸೈಕಲ್ ಅಂಗಡಿಯವರೇ. 1903ರಲ್ಲೇ ಹಾರಿದ್ದರು, ವಿಮಾನವನ್ನು ವಾಲದಂತೆ ಹಿಡಿತದಲ್ಲಿಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಕರ್ಟಿಸನ ಐಲೆರಾನ್ ತಮ್ಮ ಪೇಟೆಂಟಿಗೇ ಸೇರುತ್ತೆ ಅಂತ 1909ರಲ್ಲಿ ಕೇಸು ಹಾಕಿದರು. 1914ರಲ್ಲಿ ಮೇಲ್ಮನವಿ ಕೋರ್ಟು ರೈಟ್ ಪರವಾಗಿಯೇ ತೀರ್ಪು ಕೊಟ್ಟಿತು.

ಅದೇ ವರ್ಷ ಸ್ಮಿತ್‌ಸೋನಿಯನ್ ಸಂಸ್ಥೆ ತನ್ನ ಹಿಂದಿನ ಮುಖ್ಯಸ್ಥ ಲ್ಯಾಂಗ್ಲಿಯ ಹಳೆಯ ವಿಮಾನವನ್ನು ಪರೀಕ್ಷೆಗೆಂದು ಕರ್ಟಿಸನ ಕೈಗೆ ಕೊಟ್ಟಿತು. 1903ರಲ್ಲಿ ಎರಡು ಸಲ ನದಿಗೆ ಬಿದ್ದಿದ್ದ ವಿಮಾನ ಅದು. ರೈಟ್‌ಗಿಂತ ಮೊದಲೇ ಹಾರಬಲ್ಲ ಯಂತ್ರ ಇತ್ತು ಅಂತ ತೋರಿಸಿದರೆ ಅವರ ಪೇಟೆಂಟಿನ ತೂಕ ಇಳಿಯುತ್ತೆ, ಅಂದರೆ ಕರ್ಟಿಸನಿಗೆ ಲಾಭ. ಆತ ರೆಕ್ಕೆಗಳನ್ನೂ ಅವುಗಳ ಆಧಾರಗಳನ್ನೂ ಮಾರ್ಪಡಿಸಿ, ತೇಲುಗಳನ್ನು ಕಟ್ಟಿ, ಕ್ಯೂಕಾ ಸರೋವರದ ಮೇಲೆ ಸ್ವಲ್ಪ ದೂರ ಹಾರಿಸಿದ. ಮೂಲ ಯಂತ್ರವೇ ಹಾರಬಲ್ಲದಾಗಿತ್ತು ಅಂತ ಸಂಸ್ಥೆ ಸಾರಿತು. ಮಾರ್ಪಾಡುಗಳ ಪಟ್ಟಿಯನ್ನು ಮಾತ್ರ ಜನರ ಮುಂದೆ ಸರಿಯಾಗಿ ಇಡಲಿಲ್ಲ.

ನೊಂದ ಆರ್ವಿಲ್ ರೈಟ್ ತಮ್ಮ 1903ರ ವಿಮಾನವನ್ನು 1928ರಲ್ಲಿ ಲಂಡನ್ನಿನ ಮ್ಯೂಸಿಯಂಗೆ ಕಳಿಸಿಬಿಟ್ಟರು. ಸ್ಮಿತ್‌ಸೋನಿಯನ್ ತಪ್ಪೊಪ್ಪಿಕೊಂಡು ಮಾರ್ಪಾಡುಗಳ ಪಟ್ಟಿ ಪ್ರಕಟಿಸಿದ್ದು 1942ರಲ್ಲಿ. ವಿಮಾನ ಅಮೆರಿಕಕ್ಕೆ ಮರಳಿದ್ದು 1948ರಲ್ಲಿ.

ಟೊಮ್ಯಾಟೊ ಡಬ್ಬಿ ಕಾಲದಿಂದಲೂ ಕರ್ಟಿಸನನ್ನು ಮೇಲೆತ್ತಿದ್ದು ಮಾರ್ಪಾಡು ಮಾಡುವ ಕಲೆ. ಆತನ ಹೆಸರಿಗೆ ಮಸಿ ಹತ್ತಿದ್ದೂ ಅದೇ ಕಲೆಯಿಂದ. ಬದಲಾವಣೆ ಮಾಡಿದ್ದು ತಪ್ಪಲ್ಲ, ಬದಲಾದ ಯಂತ್ರವನ್ನು ಹಳೆಯದೇ ಅಂತ ತೋರಿಸಿದ್ದು ತಪ್ಪು.

ಕೊನೆಗೆ

ಮೊದಲ ಮಹಾಯುದ್ಧದಲ್ಲಿ ಕರ್ಟಿಸ್ ಕಂಪನಿಯ ಜೆನ್ನಿ ವಿಮಾನಗಳು ಸಾವಿರಾರು ಸಂಖ್ಯೆಯಲ್ಲಿ ತಯಾರಾದವು. 1919ರಲ್ಲಿ ಅದೇ ಕಂಪನಿಯ ಎನ್‌ಸಿ-4 ನಡುನಡುವೆ ಇಳಿಯುತ್ತಾ ಅಟ್ಲಾಂಟಿಕ್ ದಾಟಿತು. ಆ ಹೊತ್ತಿಗೆ ಕರ್ಟಿಸನ ಮನಸ್ಸು ಫ್ಲಾರಿಡಾದಲ್ಲಿ ಹೊಸ ಊರು ಕಟ್ಟುವ ಕಡೆ, ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿಗಳ ಕಡೆ ಹೊರಳಿತ್ತು. 1929ರಲ್ಲಿ ಕರ್ಟಿಸ್ ಮತ್ತು ರೈಟ್ ಹೆಸರಿನ ಕಂಪನಿಗಳು ಸೇರಿ ಕರ್ಟಿಸ್-ರೈಟ್ ಆಯಿತು. ಕೋರ್ಟಿನಲ್ಲಿ ಕಾದಾಡಿದ ಎರಡು ಹೆಸರು ಒಂದೇ ಬೋರ್ಡಿನ ಮೇಲೆ ಬಂದವು. ಮರುವರ್ಷ ಜುಲೈ 23ರಂದು, ಅಪೆಂಡಿಕ್ಸ್ ಆಪರೇಷನ್ ಆದ ಮೇಲೆ, 52ನೇ ವಯಸ್ಸಿನಲ್ಲಿ ಕರ್ಟಿಸ್ ತೀರಿಕೊಂಡ.

ನಮ್ಮೂರಿಗೂ ಆ ಹೆಸರು ಬಂದಿತ್ತು. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್, ಮೊದಮೊದಲು ಕೈಹಾಕಿದ ವಿಮಾನಗಳಲ್ಲಿ ಕರ್ಟಿಸ್ ಹಾಕ್ ಕೂಡ ಒಂದು.

ಆರ್ಮಂಡ್ ಮರಳಿನ ಮೇಲೆ ಓಡಿದ ವಿ-8 ಮೋಟರ್‌ಸೈಕಲ್ ಈಗಲೂ ಇದೆ, ಅದೇ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿ. ನೀವು ಸೈಕಲ್ಲಿಗೆ ಇಂಜಿನ್ ಕಟ್ಟೋದಾದರೆ ಬ್ರೇಕು ಮೊದಲು ನೋಡಿ. ಜೊತೆಗೊಂದು ನೋಟ್‌ಬುಕ್ ಇಡಿ: ಏನು ಮುರಿಯಿತು, ಏನು ಬದಲಿಸಿದಿರಿ, ಯಾವತ್ತು. ಪ್ರಾಜೆಕ್ಟ್ ವೈವಾದಲ್ಲಿ ಗೈಡ್ ಕೇಳುವ ಮೊದಲ ಪ್ರಶ್ನೆಗೂ ಅದರಲ್ಲೇ ಉತ್ತರ ಇರುತ್ತೆ.